ಹೊಸೆದ ವಾಯರು

ಸೀಟಿನ ಕೆಳಗೆ ಇರುವೆ ಸಾಲು, ಕೆಂಪಿರುವೆ, ಎಲ್ಲಿಂದ ಬಂದವೋ, ಮಷೀನು ಮಗುಚಿದಾಗ ಚೆಲ್ಲಿದ ಚುರಮರಿ ಇನ್ನೂ ಮೂಲೆಯಲ್ಲಿದೆ, ಕೆಸರು ಒಣಗಿ ಹಕ್ಕಳೆ ಎದ್ದಿದೆ, ನಡುನಡುವೆ ಬಿಳಿ ಕಾಳು — ದುರಗೇಶನ ಬಾಯಿ ಸುಮ್ಮನಿರುತ್ತಲೇ ಇರಲಿಲ್ಲ, ಒಂದು ಕೈ ಲಿವರಿನ ಮೇಲೆ, ಒಂದು ಕೈ ಪೊಟ್ಟಣದಲ್ಲಿ, ಮಾವಾ, ತಿನ್ರಿ, ಖಾರ ಛಲೋ ಐತಿ ಅನ್ನುತ್ತಿದ್ದ — ಅವನು, ನನ್ನ ತಂಗಿಯ ಗಂಡ, ಸತ್ತ ಜಾಗದಲ್ಲಿ ಮೊಣಕಾಲೂರಿ ನಾನು ಇರುವೆ ನೋಡುತ್ತಾ ಕುಳಿತಿದ್ದೇನೆ, ಗಂಗಾರಾಮಾ, ಬಂದ ಕೆಲಸ ನೋಡಪ್ಪ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೆಲಸವೇನು, ಮಣ್ಣು ತೋಡುವ ಈ ದೊಡ್ಡ ಮಷೀನು ಬೀಳಗಿ ಕಾಲುವೆಯ ಏರಿ ಹತ್ತುವಾಗ ಅರ್ಧದಲ್ಲಿ ಯಾಕೆ ನಿಂತಿತು ಅನ್ನೋದು ಅಷ್ಟೇ, ಮಳೆ ಬಿದ್ದ ಎರೆಮಣ್ಣು, ನಿಂತದ್ದೇ ಹಿಂದಕ್ಕೆ ಜಾರಿತು, ಅಡ್ಡ ಬಿತ್ತು, ಕ್ಯಾಬಿನ್ನು ಕೆಳಗಾಯಿತು, ಆಮೇಲೆ ಎತ್ತಿ ನಿಲ್ಲಿಸಿದ್ದಾರೆ. ಮಲಗಿದ್ದನಂತೆ. ಮಾಲೀಕ ಗಿರಿಮಲ್ಲಪ್ಪನವರು ಮಣ್ಣು ಕೊಡಲು ಬಂದವರ ಮುಂದೆ ಹಾಗೆ ಅಂದರು, ಕೆಟ್ಟ ಮನಸ್ಸಿನಿಂದ ಅಂದದ್ದೂ ಇರಲಿಕ್ಕಿಲ್ಲ, ಏನಾದರೂ ಅನ್ನಬೇಕಲ್ಲ, ಅಲ್ಲಿದ್ದ ಇನ್ನೊಬ್ಬ, ಕುಡಿದಿದ್ದನೇನೋ ಎಂದು ಸೇರಿಸಿದ, ಹೆಣ ಮನೆಯಿಂದ ಎತ್ತುವ ಹೊತ್ತಿಗೆ ಅದೇ ಖರೆ ಆಗಿಹೋಗಿತ್ತು. ಕುಡಿಯುವುದಂತೆ, ಚಹಾ ಕುಡಿದರೆ ಎದೆ ಉರಿಯುತ್ತದೆ ಅನ್ನುತ್ತಿದ್ದ ಪ್ರಾಣಿ ಅದು. ಈಗ ಅವನ ಮಗಳನ್ನು ಸಾಲಿಯಲ್ಲಿ ಹುಡುಗರು ಕೇಳುತ್ತಾರಂತೆ, ನಿಮ್ಮಪ್ಪ ಗೊರಕಿ ಹೊಡೀತಿದ್ದನಂತಲ್ಲ ಎಂದು. ತಂಗಿ ಕಾವೇರಿ ನನ್ನ ಬಳಿ ಬಂದಾಗ ಅಳಲಿಲ್ಲ, ಪರಿಹಾರದ ಮಾತೂ ಎತ್ತಲಿಲ್ಲ, ಅಣ್ಣಾ, ನೀ ಇಂಥಾವ ಮಷೀನ ರಿಪೇರಿ ಮಾಡಾಂವ, ನೀನ ನೋಡಿ ಹೇಳ, ಅಂವ ಮಲಗಿದ್ದನೋ ಇಲ್ಲೋ, ಅಷ್ಟ ಸಾಕು ನನಗ. ಮಾಲೀಕರ ಕೈಕಾಲು ಹಿಡಿದು ಒಪ್ಪಿಸಿದೆ. ನೀನು ಬರಬೇಡ ಎಂದಿದ್ದೆ, ಬನಹಟ್ಟಿಯಿಂದ ಬಸ್ಸು ಹತ್ತಿ ಬಂದೇಬಿಟ್ಟಳು, ಹೊರಗೆ ಜಾಲಿ ನೆರಳಲ್ಲಿ ಕುಳಿತಿದ್ದಾಳೆ, ಮಾಲೀಕರು ತಮ್ಮ ಜೀಪಿನ ಹತ್ತಿರ, ಇಬ್ಬರೂ ಈ ಒಡೆದ ಕಿಟಕಿಯನ್ನೇ ನೋಡುತ್ತಿರಬೇಕು.

ಲ್ಯಾಪ್‌ಟಾಪು ಹಚ್ಚಿದರೆ ಒಂದೇ ಸಾಲು, ಮತ್ತೆ ಅದೇ ಸಾಲು, ಎಂಜಿನ್ನಿನ ಕಂಟ್ರೋಲರಿಗೂ ಪಂಪಿನ ಕಂಟ್ರೋಲರಿಗೂ ಸಂಪರ್ಕ ಇಲ್ಲ — ಇಷ್ಟು ದೊಡ್ಡ ದೇಹ, ಎಲ್ಲ ಮಾತುಕತೆ ನಡೆಯುವುದು ಎರಡು ತೆಳು ವಾಯರಿನ ಮೇಲೆ, ಒಂದು ಹಳದಿ ಒಂದು ಹಸಿರು, ಒಂದಕ್ಕೊಂದು ಸುತ್ತಿಕೊಂಡು ಹೋಗಿರುತ್ತವೆ, ಅಲ್ಲಿ ಮಾತು ಕಡಿಯಿತೋ ಎಂಜಿನ್ನು ತಾನೇ ಜೋರು ಕಳೆದು ಸಣ್ಣಗಾಗಿಬಿಡುತ್ತದೆ, ಅದನ್ನು ಭದ್ರತೆ ಅನ್ನುತ್ತಾರೆ ತರಬೇತಿಯಲ್ಲಿ, ಸುಡಲಿ ಇವರ ಭದ್ರತೆ, ಸಪಾಟು ನೆಲದಲ್ಲಾದರೆ ಭದ್ರತೆ, ಏರಿಯ ಅರ್ಧದಲ್ಲಿ? ಆ ಗಳಿಗೆಯ ಲೆಕ್ಕವೂ ಉಳಿದಿದೆ, ಸಂಪರ್ಕ ಕಡಿದಾಗ ಯಾವುದು ಹೇಗಿತ್ತು ಎಂದು, ಕೆಳಕ್ಕೆ ಸರಿಸಿ ಸರಿಸಿ ನೋಡಿದೆ, ಮುಂದೆ ಓಡಿಸುವ ಎರಡೂ ಪೆಡಲು ಪೂರ್ತಿ ಒತ್ತಿದ್ದವು. ಪೂರ್ತಿ. ಎರಡೂ. ಮಲಗಿದವನ ಕಾಲು ಹಾಗೆ ಒತ್ತುತ್ತದೆಯೇ, ಎದ್ದೇ ಇದ್ದೆಯಲ್ಲೋ ಹುಚ್ಚಾ, ಒತ್ತುತ್ತಲೇ ಇದ್ದೆ, ಹತ್ತಲೇ ಹತ್ತು ಅನ್ನುತ್ತಾ ಒತ್ತಿದೆ, ಮಷೀನಿಗೆ ಕೇಳಿಸಲೇ ಇಲ್ಲ. ನನಗೆ ಒಂದು ಖುಷಿ, ಇಂಥ ಖುಷಿಯೂ ಇರುತ್ತದೆಯೇ, ಅಲ್ಲಿಂದಲೇ ಕೂಗಿ ಹೇಳೋಣವೆನಿಸಿತು, ತಡೆ, ಎಲ್ಲಿ ಕಡಿದಿದೆ ಅನ್ನುವುದು ಸಿಗದಿದ್ದರೆ ಮಾಲೀಕರು ಒಪ್ಪುವುದಿಲ್ಲ. ಬ್ಯಾಟರಿ ಕಳಚಿ ಮೀಟರು ಹಚ್ಚಿದೆ, ವಾಯರಿನ ಎರಡೂ ತುದಿ ಸರಿ ಇದ್ದರೆ ಅರವತ್ತು ಓಮ್ ತೋರಿಸಬೇಕು, ಅರವತ್ತೇ ತೋರಿಸಿತು, ಕೆಟ್ಟದ್ದು ಸಿಕ್ಕದ ಮಷೀನಿನಷ್ಟು ತಲೆ ತಿನ್ನುವುದು ಬೇರೆ ಇಲ್ಲ, ಎಂಜಿನ್ನಿನ ಪಕ್ಕ ವಾಯರು ಅಲುಗಾಡಿಸಿದೆ, ಅರವತ್ತು, ಪಂಪಿನ ಹತ್ತಿರ, ಅರವತ್ತು, ಸೀಟಿನ ಹಿಂದೆ ಬಲಗಡೆಯ ಕಂಬದಲ್ಲಿ ಕೈ ತೂರಿಸಿ ಎಳೆದೆ, ನೂರಿಪ್ಪತ್ತು. ಬಿಟ್ಟೆ, ಅರವತ್ತು. ಎಳೆದೆ, ನೂರಿಪ್ಪತ್ತು, ಅಂದರೆ ಒಂದು ತುದಿ ಕಳೆದುಹೋಯಿತು, ಸಿಕ್ಕಿತು ಕಳ್ಳ. ಮೇಲಿನ ಹೊದಿಕೆ ಕಿತ್ತು ಟಾರ್ಚು ಹಿಡಿದು ನೋಡಿದರೆ ಹಳದಿ ವಾಯರನ್ನು ಯಾರೋ ಕತ್ತರಿಸಿ ಮತ್ತೆ ಜೋಡಿಸಿದ್ದಾರೆ, ಮೇಲೆ ಟೇಪಿಲ್ಲ, ನೂಲು ಸುತ್ತಿದೆ. ಕೆಂಪು ನೂಲು.

ಮಗ್ಗದ ನೂಲು. ಕಂಬದ ಮೇಲ್ಗಡೆ ಎಲ್ಲವ್ವನ ಫೋಟೋ, ಅದರ ಸುತ್ತ ಸಣ್ಣ ದೀಪದ ಸರ, ದಸರೆಯ ಖಂಡೇಪೂಜೆಗೆ ಹಚ್ಚಿದ್ದು, ಬಾಳೆಕಂಬ ಕಟ್ಟಿ ಮಷೀನಿಗೆ ಅರಿಷಿಣ ಬಳಿದು ಕಾವೇರಿಯೇ ಆರತಿ ಎತ್ತಿದ್ದಳಂತೆ, ದೀಪದ ಸರವನ್ನೂ ಅವಳೇ ಬನಹಟ್ಟಿ ಪ್ಯಾಟಿಯಿಂದ ಒಯ್ದಿದ್ದಳು. ಕರೆಂಟಿಗೆಂದು ದುರಗೇಶ ಮೊದಲು ಕತ್ತರಿಸಿದ್ದು ಈ ಹಳದಿಯನ್ನು, ದೀಪ ಹತ್ತಿಲ್ಲ, ಈ ವಾಯರಿನಲ್ಲಿ ದೀಪ ಹತ್ತುವಷ್ಟು ಎಲ್ಲಿಂದ ಬರಬೇಕು, ಬೇರೆ ಕಡೆಯಿಂದ ಎಳೆದು ಹಚ್ಚಿಕೊಂಡಿದ್ದಾನೆ, ಇದನ್ನು ಮತ್ತೆ ಜೋಡಿಸಿದ್ದಾರೆ, ಜೋಡಿಸಿದ್ದು ಅವನಲ್ಲ. ಡ್ರೈವರುಗಳು ವಾಯರನ್ನು ತಿರುಪಿ ಗಂಟು ಹಾಕುತ್ತಾರೆ, ಇಲ್ಲಿ ಗಂಟಿಲ್ಲ, ತಾಮ್ರದ ಎಳೆ ಬಿಡಿಸಿ, ಎರಡೂ ತುದಿಯನ್ನು ಒಂದರ ಮೇಲೊಂದು ಮಲಗಿಸಿ ಸಪೂರವಾಗಿ ಹೊಸೆದಿದ್ದಾರೆ, ಮೇಲೆ ಕೈಯಾಡಿಸಿದರೆ ಉಬ್ಬು ಸಿಗದ ಹಾಗೆ — ನಮ್ಮವ್ವ ಶಂಕ್ರೆವ್ವ ಕಲಿಸಿದ್ದು, ಮಗ್ಗದ ಹಾಸಿನಲ್ಲಿ ಎಳೆ ಹರಿದರೆ ಹೆಬ್ಬೆಟ್ಟಿಗೆ ಬೂದಿ ಹಚ್ಚಿಕೊಂಡು ತೋರುಬೆರಳಿನ ಮೇಲೆ ಒಮ್ಮೆ ಮುಂದೆ ಒಮ್ಮೆ ಹಿಂದೆ, ಗಂಟು ಬಿದ್ದರೆ ಸೀರಿ ಕೆಡ್ತೈತಿ, ಹೊಸೀರಿ. ನನಗೆ ಬರಲೇ ಇಲ್ಲ, ನಿನ್ನ ಬೆರಳ ಅಲ್ಲೋ ಅವು ಬದನಿಕಾಯಿ ಎಂದು ಅವ್ವ ನಗುತ್ತಿದ್ದಳು, ಕಾವೇರಿಗೆ ಬಂತು, ಕಣ್ಣು ಮುಚ್ಚಿ ಹೊಸೆಯುತ್ತಿದ್ದಳು. ಕೊಡ್ರಿ ಇಲ್ಲೆ, ನಾ ಹಚ್ಚತೇನಿ, ಎಂದಿರಬೇಕು, ಅವನು ನಕ್ಕಿರಬೇಕು, ಸೆರಗಿನ ತುದಿಯಿಂದ ನೂಲು ಎಳೆದು ಸುತ್ತಿರಬೇಕು. ನೂಲು ನೂಲನ್ನು ಹಿಡಿಯುತ್ತದೆ ತಂಗೆವ್ವಾ, ತಾಮ್ರ ಹಿಡಿಯುವುದಿಲ್ಲ, ದಿನವೂ ನಡುಗುವ ಮಷೀನಿನೊಳಗೆ ತುಸು ತುಸುವೇ ಸಡಿಲಾಗುತ್ತದೆ, ಒಂದು ದಿನ ಏರಿಯ ಅರ್ಧದಲ್ಲಿ.

ಕತ್ತರಿಸಿದೆ. ಆ ತುಂಡು ನನ್ನ ಕಿಸೆಯಲ್ಲಿದೆ, ಹೊಸ ತುಂಡು ಬೆಸೆದು ಟೇಪು ಸುತ್ತಿದೆ. ಏನು ಹೇಳುವುದು, ಏನೂ ಸಿಗಲಿಲ್ಲ ಎಂದರೆ ದುರಗೇಶ ಇನ್ನು ಎಂದೆಂದಿಗೂ ಮಲಗಿದವನೇ, ಸಿಕ್ಕಿತು ಎಂದರೆ ಎಲ್ಲಿ ಎಂದು ಕೇಳುತ್ತಾಳೆ, ಹೊಸೆದದ್ದು ಅವಳಿಗೆ ನೆನಪಿರದೇ ಇರುತ್ತದೆಯೇ, ಎಂಜಿನ್ನು ಎನ್ನು, ಪಂಪು ಎನ್ನು, ಯಾವುದಾದರೂ ದೊಡ್ಡ ಕಬ್ಬಿಣದ ಹೆಸರು ಹೇಳು, ವಾಯರು ಅನ್ನುವ ಆ ಒಂದು ಮಾತು ಮಾತ್ರ ಬಾಯಿಗೆ ಬರಬಾರದು. ಕೆಳಗಿಳಿದೆ. ಮಾಲೀಕರು ಜೀಪು ಬಿಟ್ಟು ಬಂದರು, ಕಾವೇರಿ ಎದ್ದು ನಿಂತಳು, ನಾನು ಅವಳ ಮುಖ ನೋಡದೆ ಮಾಲೀಕರಿಗೇ ಹೇಳಿದೆ, ಅಂವ ಮಲಗಿದ್ದಿಲ್ಲರೀ, ಎರಡೂ ಪೆಡಲ ಪೂರ್ತಿ ಒತ್ತಿದ್ದ, ಮಷೀನ ಕೈ ಕೊಟ್ಟೈತಿ. ಅವರು ತಲೆಯ ಟೊಪಿಗೆ ತೆಗೆದರು, ನಾ ಹಂಗ ಅನಬಾರದಿತ್ತವ್ವಾ, ಎಂದು ಅವಳಿಗೆ ಕೈ ಮುಗಿದರು, ದೊಡ್ಡ ಮನುಷ್ಯ, ಅವಳ ಮುಖ ಅಷ್ಟು ದಿನದ ಮೇಲೆ ತಿಳಿಯಾಯಿತು, ಅಳು ಬಂತು, ಒಳ್ಳೆಯ ಅಳು, ನನಗ ಗೊತ್ತಿತ್ತಣ್ಣಾ ಎಂದಳು, ಅಲ್ಲಿಗೆ ಮುಗಿಯಬೇಕಿತ್ತು, ಮುಗಿದೇ ಇತ್ತು, ಮಾಲೀಕರು ಏನಾಗಿತ್ತೋ ಮಾರಾಯಾ ಎಂದು ಕೇಳಿದರು, ನನ್ನ ಬಾಯಿ, ಇಪ್ಪತ್ತು ವರ್ಷ ಇದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ರೂಢಿಬಿದ್ದ ಹಾಳು ಬಾಯಿ, ಸೀಟಿನ ಹಿಂದ ಒಂದು ವಾಯರ ಲೂಜ ಆಗಿತ್ರಿ, ಎಂದಿತು. ಅವಳ ಅಳು ನಿಂತಿತು. ತನ್ನ ಬಲಗೈಯನ್ನು ನೋಡಿಕೊಂಡಳು, ಹೆಬ್ಬೆಟ್ಟು ತೋರುಬೆರಳಿನ ಮೇಲೆ, ಏನೂ ಇಲ್ಲದ ಬೆರಳುಗಳ ನಡುವೆ, ಒಮ್ಮೆ ಮುಂದೆ ಒಮ್ಮೆ ಹಿಂದೆ, ಕಾವೇರಿ, ಸಾಕವ್ವಾ, ಒಮ್ಮೆ ಮುಂದೆ — ಒಮ್ಮೆ ಹಿಂದೆ — ಹೆಬ್ಬೆಟ್ಟು — ತೋರುಬೆರಳಿನ ಮೇಲೆ —