ಕೌದಿ ಹೊದ್ದ ಕಂಪ್ಯೂಟರು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಾಯಚೂರು ಜಿಲ್ಲೆಯಲ್ಲಿ ಗೇಮಿನ ಸೆಟ್ಟಿಂಗನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಇದು ಜಂಬವಲ್ಲ. ಪೋತ್ನಾಳದಿಂದ, ಮಾನ್ವಿಯಿಂದ, ದೇವದುರ್ಗದಿಂದ ಜನ ತಮ್ಮ ಪರದೆಯ ಫೋಟೋ ಹೊಡೆದು ಕಳಿಸಿ, "ನಾಗೇಶಣ್ಣ, ಒಂದೀಟು ನೋಡ್ರಿ" ಎನ್ನುತ್ತಾರೆ. ಹಗಲು ನಾನು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಊರಿನವರ ಆನ್‌ಲೈನ್ ಅರ್ಜಿ ತುಂಬಿಕೊಡುವವನು. ಮಿಕ್ಕ ಹೊತ್ತಿನಲ್ಲಿ ಊರಿನವರ ಫ್ರೇಮು ಏರಿಸುವವನು.

ಫ್ರೇಮು ಎಂದರೆ ಇಷ್ಟೇ: ಪರದೆಯ ಮೇಲಿನ ಚಿತ್ರ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೊಸದಾಗುತ್ತದೆಯೋ ಅಷ್ಟು. ಬಂದೂಕಿನ ಆಟದಲ್ಲಿ ಅದು ಕಡಿಮೆಯಾದರೆ, ಎದುರಾಳಿ ನಿಮಗೆ ಕಾಣುವಷ್ಟರಲ್ಲಿ ನಿಮ್ಮ ಹೆಣ ಬಿದ್ದಿರುತ್ತದೆ. ಅದಕ್ಕೇ ನಾನು ಮೊದಲು ಹುಲ್ಲು ಕಿತ್ತು ಹಾಕುತ್ತೇನೆ, ಆಮೇಲೆ ನೀರಿನ ಹೊಳಪು, ಹೊಗೆ, ಬಿಸಿಲು, ನೆರಳು. ನನ್ನ ಪರದೆಯಲ್ಲಿ ಎಲ್ಲ ಗೋಡೆಗಳೂ ಸಗಣಿ ಸಾರಿಸಿದ ಹಾಗೆ ಕಾಣುತ್ತವೆ. ನೋಡಲು ಏನೂ ಉಳಿದಿಲ್ಲ. ಆದರೆ ಮೇಲಿನ ಮೂಲೆಯಲ್ಲಿ ಇನ್ನೂರ ನಲವತ್ತು ಎಂಬ ಹಸಿರು ಅಂಕಿ ಮಿನುಗುತ್ತಿರುತ್ತದೆ, ಮತ್ತು ಆಟದುದ್ದಕ್ಕೂ ನಾನು ಹೆಚ್ಚಾಗಿ ನೋಡುವುದು ಅದನ್ನೇ.

ಒಂದು ಸಣ್ಣ ಕೊರತೆ ಇದೆ, ಅದನ್ನೂ ಹೇಳಬೇಕು. ನನ್ನ ಆಟ ಅಷ್ಟಕ್ಕಷ್ಟೇ.

ನಮ್ಮ ತಂಡದ ಹಿರಿಯ ಮಾನ್ವಿಯ ಶಾಕಿರ್. ಅಲ್ಲಿ ಅವನದು ಮೊಬೈಲ್ ಅಂಗಡಿ. ತಂಡಕ್ಕೆ ಐದು ಜನ ಬೇಕು, ಅವನ ಬಳಿ ಯಾವಾಗಲೂ ಐದು ಜನ ಇರುತ್ತಿದ್ದರು, ನಾನು ಆರನೆಯವನು. ನಾಲ್ಕು ವರ್ಷ ಪ್ರತಿ ಪಂದ್ಯದಲ್ಲೂ ಅವರ ಕುರ್ಚಿಗಳ ಹಿಂದೆ ನಿಂತು, "ಈಗ ಎಷ್ಟು ಬರಾಕತ್ತಾವ ಫ್ರೇಮು?" ಎಂದು ಕೇಳುವುದೇ ನನ್ನ ಕೆಲಸವಾಗಿತ್ತು. ಗೆದ್ದಾಗ ಫೋಟೋ ತೆಗೆಯುತ್ತಿದ್ದವನೂ ನಾನೇ, ಹಾಗಾಗಿ ಒಂದು ಫೋಟೋದಲ್ಲೂ ನಾನಿಲ್ಲ. ನನಗೂ ಒಮ್ಮೆ ಆ ಕುರ್ಚಿಯಲ್ಲಿ ಕೂರಬೇಕಿತ್ತು. ಮೂವತ್ತು ದಾಟಿದವನು ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಬಾರದು, ಆದರೂ ಇತ್ತು.

ಈ ಏಪ್ರಿಲ್‌ನಲ್ಲಿ ಐದನೆಯವನಾದ ಅಂಬರೀಶನಿಗೆ ಪೊಲೀಸ್ ನೌಕರಿ ಸಿಕ್ಕು, ಅವನು ತರಬೇತಿಗೆ ಹೊರಟುಹೋದ. ಮೇ ತಿಂಗಳಲ್ಲಿ ರಾಯಚೂರಿನ ಒಂದು ಫಂಕ್ಷನ್ ಹಾಲಿನಲ್ಲಿ ನಾಲ್ಕು ಜಿಲ್ಲೆಗಳ ಪಂದ್ಯ ಇತ್ತು. ಶಾಕಿರ್ ಫೋನು ಮಾಡಿದಾಗ ಮೊದಲ ರಿಂಗಿಗೇ ಎತ್ತಿದೆ.

"ನಾಗೇಶ್ ಭಾಯ್, ಕುರ್ಚಿ ಒಂದು, ನೀವು ಇಬ್ಬರು. ಒಬ್ಬಾಂವ ನೀ, ಇನ್ನೊಬ್ಬಾಕಿ ದೇವದುರ್ಗದ ಅಂಬಿಕಾ. ಭಾನುವಾರ ಮಧ್ಯಾಹ್ನ ಇಬ್ಬರೂ ಎದುರಾಬದರು ಆಡ್ರಿ. ಯಾರು ಮೊದಲ ಹತ್ತು ಸಲ ಹೊಡೀತಾರ, ಅವರದು ಕುರ್ಚಿ."

"ಆಗ್ಲಿ."

"ಆದ್ರ ಆಕಿ ಮಷೀನ್ ಬಹಳ ಸುಸ್ತ್ ಅದ. ಸಂಜಿಗೆ ನಮ್ಮ ಜೊತಿ ಆಡುವಾಗ ನೋಡೀಯಲ್ಲ, ನಿಂತು ನಿಂತು ಓಡತದ. ಇನ್ಸಾಫ್ ಅಂದ್ರ ಇನ್ಸಾಫ್, ಇಬ್ಬರಿಗೂ ಸಮ ಇರಬೇಕು. ನೀನ ಹೋಗಿ ಸರಿ ಮಾಡಿ ಬಾ."

"ನಾನ?"

"ಮತ್ಯಾರು? ಜಿಲ್ಲಾದಾಗ ನಿನ್ನಷ್ಟು ಬಲ್ಲವರು ಯಾರದಾರ?"

ಕುರಿ ಕಾಯಲು ತೋಳನನ್ನು ಕಳಿಸುವುದೆಂದರೆ ಇದೇ. ಆದರೆ ಜಿಲ್ಲೆಯಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ನಾನೇ ಊರೆಲ್ಲ ಸಾರಿದ್ದೆ, ಈಗ ಇಲ್ಲವೆನ್ನುವುದು ಹೇಗೆ? ಗುರುವಾರ ಅಂಗಡಿ ಮುಚ್ಚಿ ದೇವದುರ್ಗದ ಬಸ್ಸು ಹತ್ತಿದೆ.

ಅಂಬಿಕಾಳ ದನಿ ಎರಡು ವರ್ಷದಿಂದ ಹೆಡ್‌ಫೋನಿನಲ್ಲಿ ಕೇಳಿದ್ದೆ, ಮುಖ ನೋಡಿದ್ದು ಅಂದೇ. ಊರಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ತಾಯಿ ಗದ್ದೆಮ್ಮ ಹೊಲದ ಕೂಲಿಗೆ ಹೋಗುವವಳು, ನಾನು ಬರುತ್ತೇನೆಂದು ಅಂದಿನ ಕೂಲಿ ಬಿಟ್ಟು ಮನೆಯಲ್ಲಿದ್ದಳು. ಕಂಪ್ಯೂಟರನ್ನು ಮಾನ್ವಿಯ ಒಂದು ಫೋಟೋ ಸ್ಟುಡಿಯೋ ಮುಚ್ಚಿದಾಗ ತಂದದ್ದಂತೆ. ಮದುವೆಯ ಆಲ್ಬಂ ಮಾಡುತ್ತಿದ್ದ ಮಷೀನು, ಗ್ರಾಫಿಕ್ಸ್ ಕಾರ್ಡು ಪರವಾಗಿಲ್ಲ ಎನ್ನುವಂಥದು. ಅದಕ್ಕೆ ಎಷ್ಟು ಫ್ರೇಮು ಬರಬೇಕು ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ: ನೂರಕ್ಕೆ ತುಸು ಕಡಿಮೆ. ಆಟ ತೆರೆದು ನೋಡಿದರೆ ನಲವತ್ತೊಂದು.

ಆಮೇಲೆ ನನ್ನ ಕಣ್ಣು ಮೇಜಿನ ಕೆಳಗೆ ಹೋಯಿತು. ಕಂಪ್ಯೂಟರಿನ ಡಬ್ಬಿ ಕೌದಿ ಹೊದ್ದುಕೊಂಡು ಕೂತಿತ್ತು.

ತಮಾಷೆಯಲ್ಲ. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಕೂಡಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ, ಡಬ್ಬಿಯ ಅಳತೆಗೆ ಸರಿಯಾಗಿ ಹೊಲಿದ ಕೌದಿ. ಮೇಲೆ, ಎಡ, ಬಲ, ಹಿಂದೆ, ಎಲ್ಲ ಕಡೆ ಮುಚ್ಚಿತ್ತು. ವೈರು ಹೋಗಲು ಒಂದು ಕಂಡಿ, ಬಟನ್ನು ಒತ್ತಲು ಮುಂದೆ ಒಂದು ಪುಟ್ಟ ಕಿಟಕಿ. ಕಿಟಕಿಯ ಸುತ್ತ ಕೆಂಪು ದಾರದಲ್ಲಿ ಕಾಜಾ ಹೊಲಿಗೆ.

"ನಮ್ಮೂರಾಗ ಧೂಳಂದ್ರ ಧೂಳು, ಯಪ್ಪಾ," ಎಂದಳು ಗದ್ದೆಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಮಗಳ ಸಾಮಾನು ಹಾಳಾಗಬಾರದಂತ ಹೊಲದೀನಿ. ಹದಿನೈದು ದಿನ ಹಿಡೀತು. ನಮ್ಮವ್ವನ ಸೀರಿ ಅದು."

ನಾನು ಬಗ್ಗಿ ಕೌದಿಯ ಮೇಲೆ ಕೈ ಇಟ್ಟೆ. ರೊಟ್ಟಿ ಬೇಯುವ ಹಂಚಿನ ಮೇಲೆ ಇಟ್ಟ ಹಾಗಾಯಿತು. ಒಳಗೆ ಫ್ಯಾನು ಏದುಸಿರು ಬಿಡುತ್ತಿತ್ತು. ಇಂಥ ಕಾವಿನಲ್ಲಿ ಕಾರ್ಡು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಯಾವ ಸೆಟ್ಟಿಂಗೂ ಅದನ್ನು ಓಡಿಸಲಾರದು. ಕೌದಿ ತೆಗೆದರೆ ಸಾಕಿತ್ತು. ಎರಡೇ ಮಾತು.

ತಲೆ ಎತ್ತಿದೆ. ಗದ್ದೆಮ್ಮ ತನ್ನ ಹೊಲಿಗೆಯನ್ನು ನಾನು ಮೆಚ್ಚುತ್ತಿದ್ದೇನೆಂದು ನಗುತ್ತ ನಿಂತಿದ್ದಳು. ಅಂಬಿಕಾ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು.

ನಾನು ಹೇಳಲಿಲ್ಲ. ಯಾಕೆ ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ಕುರ್ಚಿ ಒಂದೇ ಇತ್ತು.

"ಸೆಟ್ಟಿಂಗ್ ಬಹಳ ಕೆಟ್ಟಾವ," ಎಂದೆ ಗಂಭೀರವಾಗಿ. "ಟೈಮ್ ಹಿಡೀತದ."

ಮೂರು ತಾಸು ಕೂತೆ. ಹುಲ್ಲು ತೆಗೆದೆ, ಹೊಗೆ ತೆಗೆದೆ, ಚಿತ್ರದ ಅಳತೆ ಕುಗ್ಗಿಸಿದೆ. ಹಿಂದೆ ಓಡುವ ಪ್ರೋಗ್ರಾಮುಗಳನ್ನು ಒಂದೊಂದಾಗಿ ನಿಲ್ಲಿಸಿದೆ. ಏನೇನೂ ಕೆಲಸಕ್ಕೆ ಬಾರದ ಎರಡು ಮೂರು ಬಟನ್ನುಗಳನ್ನೂ ಒತ್ತಿದೆ, ನೋಡುವವರಿಗೆ ನಂಬಿಕೆ ಬರಬೇಕಲ್ಲ. ನೆರಳಿನ ಹತ್ತಿರ ಬಂದಾಗ ಅಂಬಿಕಾ ತಡೆದಳು.

"ಅಣ್ಣಾ, ನೆರಳು ಒಂದು ಇರ್ಲಿ."

"ಬ್ಯಾಡ. ಎಲ್ಲಕ್ಕಿಂತ ಹೆಚ್ಚು ತಿನ್ನೋದು ಅದ. ಚಂದ ಬೇಕಾ, ಫ್ರೇಮು ಬೇಕಾ?"

ನೆರಳನ್ನೂ ತೆಗೆದೆ. ಕೊನೆಗೆ ಐವತ್ತೆರಡು ಬಂತು. ಹನ್ನೊಂದು ಏರಿತು ಎಂದು ನಾನೇ ಬೆನ್ನು ತಟ್ಟಿಕೊಂಡೆ. ಗದ್ದೆಮ್ಮ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸಿದಳು, ನಾಚಿಕೆಯಿಲ್ಲದೆ ಮೂರು ರೊಟ್ಟಿ ತಿಂದೆ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ನಾನು ಜಂತಿ ಎಣಿಸಲಿಲ್ಲ, ಫ್ರೇಮು ಎಣಿಸಿದೆ. ಬಸ್ಸಿನಲ್ಲಿ ಬರುವಾಗ ಮಾತ್ರ ಆ ಮೂರನೆಯ ರೊಟ್ಟಿ ಎದೆಯಲ್ಲೇ ನಿಂತ ಹಾಗಿತ್ತು.

ಭಾನುವಾರ ರಾಯಚೂರಿನಲ್ಲಿ ನಲವತ್ಮೂರು ಡಿಗ್ರಿ. ನನ್ನ ಕಂಪ್ಯೂಟರಿನ ಎರಡೂ ಬದಿಯ ಹಲಗೆ ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನು ಇಟ್ಟು ಕೂತೆ. ನಾನು ಬೆವರಿನಲ್ಲಿ ತೊಯ್ದರೂ ಅದು ತಣ್ಣಗಿರಬೇಕು. ಮೂಲೆಯಲ್ಲಿ ಇನ್ನೂರ ನಲವತ್ತು. ದೇವದುರ್ಗದಲ್ಲಿ ಅಂಬಿಕಾ, ಮಾನ್ವಿಯಲ್ಲಿ ತೀರ್ಪು ಕೊಡಲು ಶಾಕಿರ್.

ಮೊದಲ ಮೂರೂ ನನ್ನವು. ಆಮೇಲೆ ಅವಳು ಮೂರು ಹೊಡೆದಳು. ಐವತ್ತೆರಡು ಫ್ರೇಮಿನವಳಿಗೆ ಹೀಗೆ ತಿರುಗಲು ಬರುವುದಿಲ್ಲವಲ್ಲ ಎಂದು ನನಗೆ ಅನುಮಾನ. ಆರಕ್ಕೆ ಆರು, ಎಂಟಕ್ಕೆ ಎಂಟು, ಒಂಬತ್ತಕ್ಕೆ ಒಂಬತ್ತು. ಇನ್ನೊಂದು ಗುಂಡು, ಅಷ್ಟೇ. ನಾಲ್ಕು ವರ್ಷ ಒಂದು ಕಡೆ, ಆ ಒಂದು ಗುಂಡು ಒಂದು ಕಡೆ.

ನಾನು ಆಟದೊಳಗಿನ ಉಗ್ರಾಣದ ಗೋಡೆಗೆ ಅಂಟಿಕೊಂಡು ಸದ್ದಿಲ್ಲದೆ ನಡೆದೆ. ಅವಳು ಮೂಲೆಯ ಆಚೆ ಎಲ್ಲೋ ಇದ್ದಾಳೆಂದು ಗೊತ್ತಿತ್ತು. ನಾನಿರುವುದು ಅವಳಿಗೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಬಂದೂಕು ಎತ್ತಿ, ಮೂಲೆ ತಿರುಗಿದೆ. ತಿರುಗುವ ಮೊದಲೇ ಗುಂಡು ಬಂದಿತ್ತು.

"ಖತಂ," ಎಂದ ಶಾಕಿರ್.

"ಹೆಂಗ ಗೊತ್ತಾತು ನಿನಗ?" ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

"ನಿಮ್ಮ ನೆರಳು ಮೊದಲ ಬಂತಲ್ಲ ಅಣ್ಣಾ, ಗ್ವಾಡಿ ಮ್ಯಾಲ," ಎಂದಳು ಅಂಬಿಕಾ. "ಬ್ಯಾಸರ ಮಾಡ್ಕೋಬ್ಯಾಡ್ರಿ, ನೀವು ಹೋದ ಮ್ಯಾಲ ನೆರಳು ಮತ್ತ ಹಾಕ್ಕೊಂಡೆ."

ನನ್ನ ಪರದೆಯಲ್ಲಿ ನೆರಳು ತೆಗೆದು ನಾಲ್ಕು ವರ್ಷವಾಗಿತ್ತು. ಬೇರೆಯವರ ಪರದೆಯಲ್ಲಿ ನನಗೊಂದು ನೆರಳಿದೆ ಎನ್ನುವುದೇ ಮರೆತುಹೋಗಿತ್ತು. ಆ ಸಂಜೆಯೆಲ್ಲ ಮೌಸು ಸರಿಯಿಲ್ಲ, ನೆಟ್ಟು ಸರಿಯಿಲ್ಲ, ಬಿಸಿಲು ಸರಿಯಿಲ್ಲ ಎಂದು ಗೊಣಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು. ಅಳು ಬಂತೇ ಎಂದು ಕೇಳಿದರೆ, ಹೌದು, ತುಸು ಅತ್ತೆ.

ಬುಧವಾರ ಮೂವರೂ ನನ್ನ ಅಂಗಡಿಗೆ ಬಂದರು: ಶಾಕಿರ್, ಅಂಬಿಕಾ, ಅವಳ ಜೊತೆಗೆ ಗದ್ದೆಮ್ಮ. ಪಂದ್ಯ ನಡೆಯುವ ಫಂಕ್ಷನ್ ಹಾಲ್ ನೋಡಿಕೊಂಡು ಬಂದಿದ್ದರಂತೆ. ಗದ್ದೆಮ್ಮ ಬಾಗಿಲ ಹತ್ತಿರ ಫ್ಯಾನಿನ ಕೆಳಗೆ ಕೂತು ಚಹಾ ಬಸಿ ಹಿಡಿದಳು.

"ಭಾಯ್, ಪಂದ್ಯದ ಕಾಯ್ದಾ ಬಂದಾವ," ಎಂದ ಶಾಕಿರ್. "ಮಷೀನ್ ಪಂದ್ಯ ನಡಸೋರದ. ಆಟಕ್ಕ ಮೊದಲ ಸೆಟ್ಟಿಂಗ್ ಮಾಡಾಕ ಹತ್ತು ನಿಮಿಷ ಕೊಡ್ತಾರ, ತಂಡಕ್ಕೊಬ್ಬ ಆಳು. ಅಂಬಿಕಾ ನಿನ್ನ ಹೆಸರು ಹೇಳ್ಯಾಳ. ನೀ ಬರದಿದ್ರ ತಾನೂ ಬರಲ್ಲ ಅಂತಾಳ."

ಮತ್ತೆ ಕುರ್ಚಿಯ ಹಿಂದೆ! ಸೋಲಿಸಿದ್ದು ಸಾಲದೆಂದು ಈಗ ಕರುಣೆ ಬೇರೆ. ನನಗೆ ಸಿಟ್ಟು ನೆತ್ತಿಗೇರಿತು. ಅಂಬಿಕಾ ನನ್ನನ್ನು ಝೆರಾಕ್ಸ್ ಮಷೀನಿನ ಹಿಂದೆ ಕರೆದಳು, ತಾಯಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಮಾತಾಡಿದಳು.

"ಅಣ್ಣಾ, ಕೌದಿಯಿಂದ ಮಷೀನ್ ಕಾದು ಸುಸ್ತ್ ಆಗ್ತದ ಅಂತ ನನಗ ಮೊದಲಿಂದ ಗೊತ್ತದ. ಅವ್ವ ಹೊಲಕ್ಕ ಹೋದ ಮ್ಯಾಲ ತಗೀತೀನಿ, ಬರೋ ಹೊತ್ತಿಗೆ ಮತ್ತ ಹೊದಸ್ತೀನಿ. ಸಂಜಿಗೆ ಅವ್ವ ಮನ್ಯಾಗ ಇರ್ತಾಳ, ಅದಕ್ಕ ಆವಾಗ ಸುಸ್ತ್. ಭಾನುವಾರ ಅವ್ವ ಮೆಣಸಿನಕಾಯಿ ಬಿಡಸಾಕ ಹೋಗಿದ್ಲು. ತೊಂಬತ್ತರ ಮ್ಯಾಲ ಬಂದ್ವು."

ನಾನು ಝೆರಾಕ್ಸ್ ಮಷೀನಿನ ಮುಚ್ಚಳ ಎತ್ತಿ ಮತ್ತೆ ಮುಚ್ಚಿದೆ, ಅವಳು ಮುಂದುವರಿಸಿದಳು.

"ಆವತ್ತು ನೀವು ಕೌದಿ ಮ್ಯಾಲ ಕೈ ಇಟ್ರಿ ನೋಡ್ರಿ, ನನ್ನ ಎದಿ ಧಸಕ್ ಅಂತು. ಇಷ್ಟು ಬಲ್ಲವರು, ಅವ್ವನ ಮುಂದ ಹೇಳೇ ಬಿಡ್ತಾರ ಅನ್ಕೊಂಡೆ. ನೀವು ಅವ್ವನ ಮುಖ ನೋಡಿ ಸುಮ್ಮನಾದ್ರಿ. ಮೂರು ತಾಸು ಸುಳ್ಳ ಸೆಟ್ಟಿಂಗ್ ಮಾಡ್ಕೋತ ಕೂತ್ರಿ. ಇಂಥ ಮನಷ್ಯಾ ನಮ್ಮ ಬೆನ್ನ ಹಿಂದ ಇರಬೇಕು ಅಂತ ಶಾಕಿರಣ್ಣಗ ನಾನ ಹೇಳೀನಿ."

ಅವಳ ಕಣ್ಣಲ್ಲಿ ಕಪಟವಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಹೊಗಳಿಕೆಯನ್ನು ತಡೆಯಲಾಗಲಿಲ್ಲ.

"ಇಲ್ಲ ಅಂಬಿಕಾ. ನಿಮ್ಮವ್ವನ ಸಲುವಾಗಿ ಅಲ್ಲ. ನೀ ಸೋಲ್ಲಿ ಅಂತ ಸುಮ್ಮನಿದ್ದೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಹೊಗಳಿದ್ರ ದೊಡ್ಡವರು ಹಿಂಗ ಅಂತಾರ."

"ಖರೇನ ಹೇಳಾಕತ್ತೀನಿ. ಕುರ್ಚಿ ನನಗ ಬೇಕಾಗಿತ್ತು. ಆ ಕೌದಿ ಒಂದು ತಗದ್ರ..." ನನ್ನ ದನಿ ಏರಿಬಿಟ್ಟಿತು.

ಗದ್ದೆಮ್ಮ ಬಸಿ ಕೆಳಗಿಟ್ಟು ತಿರುಗಿದಳು. "ಏನಪ್ಪಾ, ಕೌದಿ ಅಂದೆಲ್ಲ? ಏನಾಗ್ಯಾದ ಕೌದಿಗೆ?"

ಅವಳ ಮುಖದಲ್ಲಿ ಅಂದಿನದೇ ನಗು ಇತ್ತು, ಅದರ ಅಂಚಿನಲ್ಲಿ ಸಣ್ಣ ಹೆದರಿಕೆಯೂ. ಹದಿನೈದು ದಿನದ ಹೊಲಿಗೆ, ಅವ್ವನ ಸೀರೆ.

"ಏನಿಲ್ಲ ಯವ್ವಾ," ಎಂದೆ. "ಬಹಳ ಚಲೋ ಹೊಲದೀರಿ ಅಂತ ಅನ್ನಾಕತ್ತಿದ್ದೆ."

ಈ ಸಲ ನಾನು ಸುಮ್ಮನಾದದ್ದು ನಿಜವಾಗಿಯೂ ಅವಳ ಸಲುವಾಗಿ. ಅಂಬಿಕಾ ನನ್ನ ಕಡೆ ನೋಡಿ, ನಾ ಮೊದಲೇ ಹೇಳಿರಲಿಲ್ಲವೇ ಎನ್ನುವ ಹಾಗೆ ತಲೆಯಾಡಿಸಿದಳು.