ಬಸದಿಯ ಕೆಂಪು ಅಂಕಿಗಳು

ಇಚಲಕರಂಜಿಯಲ್ಲಿ ನಮ್ಮ ಓಣಿಯ ಬಸದಿಯಲ್ಲಿ ಪರ್ಯುಷಣ ಪರ್ವದ ಹತ್ತು ದಿನವೂ ಹೆಂಗಸರು ಸಂಜೆ ಒಟ್ಟಿಗೆ ಉಣ್ಣುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗಬಾರದು. ಭಾದ್ರಪದದ ಮೋಡದಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ? ಪಂಚಾಂಗ ಹೇಳುವ ಸೂರ್ಯಾಸ್ತದ ಹೊತ್ತು ತಿಳಿಯಲು ಗಡಿಯಾರವೇ ಗತಿ. 1985ರಲ್ಲಿ ಬಸದಿಯ ಕೀಲಿ ಗಡಿಯಾರ ಕೆಟ್ಟಾಗ, ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದ ನಾನು ಹೊಸದನ್ನು ಮಾಡಿಕೊಡಲು ಒಪ್ಪಿಕೊಂಡೆ.

ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತದೆ. ನಾನು ಮಾಡಿದ್ದು ಅದನ್ನೇ ಎಣಿಸಿ ಸಮಯ ತೋರಿಸುವ ಗಡಿಯಾರ. ಪುಸ್ತಕದಲ್ಲಿ ಹಾಗೇ ಇತ್ತು. ಆದರೆ ಮಗ್ಗಗಳು, ಪಂಪ್‌ಸೆಟ್ಟುಗಳು ಎಲ್ಲ ಒಮ್ಮೆಗೇ ಕರೆಂಟು ಎಳೆಯುವ ನಮ್ಮ ಸೀಮೆಯಲ್ಲಿ ಆ ಐವತ್ತು ನಲವತ್ತೆಂಟೂವರೆಗೆ ಇಳಿಯುತ್ತಿತ್ತು. ಮಧ್ಯಾಹ್ನ ಹೊಂದಿಸಿಟ್ಟ ಗಡಿಯಾರ ಸಂಜೆಗೆ ಹನ್ನೊಂದು ನಿಮಿಷ ಹಿಂದೆ ಬಿದ್ದಿತ್ತು. ಹದಿನಾರು ಹೆಂಗಸರು ಸೂರ್ಯ ಮುಳುಗಿದ ಮೇಲೆ ಕೈ ತೊಳೆದರು.

ನೆರೆಮನೆಯ ಸೋನಾಬಾಯಿ ನಮ್ಮ ಅತ್ತೆ ಚಂಪಾಬಾಯಿಗೆ ಎದುರಿಗೇ ಅಂದರು: "ನಿಮ್ಮ ಸೊಸಿ ಶಾಣ್ಯಾತನ ನಮ್ಮ ವ್ರತಾ ಕೆಡಿಸ್ತು ನೋಡ್ರಿ, ಅಕ್ಕಾರ."

"ಹೌದವಾ, ಕೆಡ್ತು. ಮುಂದಿನ ಪರ್ವಕ್ಕೂ ನನ್ನ ಸೊಸಿ ರತ್ನಾನ ಗಡಿಯಾರನ ಹಚ್ಚೋದು. ಅದೂ ತಪ್ಪಿದ್ರ ನಾ ಬಸದಿಯಾಗ ಊಟಕ್ಕ ಕೂಡಂಗಿಲ್ಲ" ಎಂದರು ಅತ್ತೆ.

ಮರುದಿನ ಅವರು ಪ್ರಾಯಶ್ಚಿತ್ತಕ್ಕೆಂದು ನೀರೂ ಕುಡಿಯದೆ ಉಪವಾಸವಿದ್ದರು. ಆದರೂ ನನ್ನ ಚಹಾ ಮಾಡಿ ಮುಚ್ಚಿಟ್ಟಿದ್ದರು.

ಆ ವರ್ಷ ಪ್ರತಿ ಶನಿವಾರ ನಾನು ಕೊಲ್ಹಾಪುರಕ್ಕೆ, ನನ್ನ ಗುರುಗಳ ಲ್ಯಾಬಿಗೆ ಹೋದೆ. ಅವರು ಮುಂಬಯಿಯಿಂದ ರಿಯಲ್ ಟೈಮ್ ಕ್ಲಾಕ್ ಚಿಪ್ ತರಿಸಿಕೊಟ್ಟರು. ಒಂದೇ ಲಯದಲ್ಲಿ ಕಂಪಿಸುವ ತನ್ನದೇ ಹರಳು ಇರುವ ಚಿಪ್ ಅದು. ಕರೆಂಟಿನ ಏರಿಳಿತ ಅದಕ್ಕೆ ಬೇಕಿಲ್ಲ. ಕರೆಂಟು ಹೋದರೂ ಸಣ್ಣ ಬ್ಯಾಟರಿಯ ಮೇಲೆ ಒಳಗೊಳಗೇ ಸಮಯ ಎಣಿಸುತ್ತದೆ. ಅದನ್ನು ಓದಿ ಕೆಂಪು ಅಂಕಿಗಳಲ್ಲಿ ತೋರಿಸುವುದು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರಿನ ಕೆಲಸ. ಅದರೊಳಗೆ ಬರೆದ ಪ್ರೋಗ್ರಾಮಿನಲ್ಲಿ ಒಂದು ತಪ್ಪಾದರೆ ಆ ಮೈಕ್ರೋಕಂಟ್ರೋಲರನ್ನೇ ಅತಿನೇರಳೆ ದೀಪದ ಕೆಳಗೆ ಅರ್ಧ ತಾಸು ಇಟ್ಟು ಪೂರ್ತಿ ಅಳಿಸಿ ಮತ್ತೆ ಬರೆಯಬೇಕು. ನಾನು ಹತ್ತೊಂಬತ್ತು ಸಲ ಅಳಿಸಿದೆ. ಲ್ಯಾಬಿನ ಸಿಪಾಯಿ ಯಮನಪ್ಪ ಒಮ್ಮೆಯೂ ಬೇಸರಿಸಲಿಲ್ಲ. ಪ್ರತಿ ಸಲವೂ ಸಂಜೆ ಕಿಟಕಿಯಿಂದ ಆಕಾಶ ನೋಡಿ, "ಬಾಯಾರ, ಹೊತ್ತ ಮುಳಗಾಕತ್ತೈತಿ, ಮೊದಲ ಊಟದ ಡಬ್ಬಿ ತಗೀರಿ. ನಿಮ್ಮ ದೀಪಾ ನಾ ನೋಡ್ತೀನಿ" ಅನ್ನುತ್ತಿದ್ದ. ನಮ್ಮ ನೇಮವನ್ನು ನಾನು ಅವನಿಗೆ ಹೇಳಿರಲೇ ಇಲ್ಲ.

ಮುಂದಿನ ಪರ್ವದ ಮೊದಲ ದಿನ. ಬೆಳಗಿನಿಂದ ಜಿಟಿಜಿಟಿ ಮಳೆ. ಗಡಿಯಾರವನ್ನು ಬಸದಿಯ ಗೋಡೆಗೆ ಹಾಕಿದೆ. ಐದು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಅಂಕಿಗಳು ಆರಿದವು.

ಸೋನಾಬಾಯಿ ಗೋಡೆ ನೋಡಿ, "ಈ ವರ್ಷದ್ದು ತಪ್ಪು ಟೈಮ್ ಹೇಳಂಗಿಲ್ಲ. ಬಾಯೇ ಬಿಡವಲ್ದು" ಅಂದರು. ಎಲ್ಲರೂ ನಕ್ಕರು. ಅತ್ತೆ ಮಾತ್ರ ತಾಟು ಹಚ್ಚುತ್ತಲೇ ಇದ್ದರು.

"ಒಳಗ ನಡದೈತಿ, ಅತ್ತೀ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಹೆಚ್ಚುಕಡಿಮೆ ಐವತ್ತು ನಿಮಿಷ ಯಾರೂ ಊಟಕ್ಕೆ ಕೂರಲಿಲ್ಲ. ಕರೆಂಟು ಬಂತು. ಗೋಡೆಯ ಮೇಲೆ 5:51 ಮೂಡಿತು.

"ಖರೇನೋ ಸುಳ್ಳೋ, ಯಾರಿಗೆ ಗೊತ್ತ" ಎನ್ನುತ್ತ ಸೋನಾಬಾಯಿ ಮನೆಯಿಂದ ಟ್ರಾನ್ಸಿಸ್ಟರ್ ತಂದು ಸಾಂಗಲಿ ಆಕಾಶವಾಣಿ ಹಚ್ಚಿದರು. ಆರು ಗಂಟೆಯ ವಾರ್ತೆಗೆ ಮುಂಚಿನ ಪೀಪ್ ಸದ್ದು ಶುರುವಾಯಿತು. ಗೋಡೆಯ ಮೇಲೆ 5:59. ಪಕ್ಕದಲ್ಲಿ ಸೆಕೆಂಡುಗಳು ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು. ಕೊನೆಯ ಉದ್ದನೆಯ ಪೀಪ್ ಹೊರಟ ಕ್ಷಣಕ್ಕೇ ಎಲ್ಲ ಅಂಕಿಗಳೂ ಹೊರಳಿ 6:00:00 ಆಯಿತು.

ಸೋನಾಬಾಯಿ ಟ್ರಾನ್ಸಿಸ್ಟರ್ ಆರಿಸಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ನನ್ನ ರಟ್ಟೆ ಹಿಡಿದು ಪಂಕ್ತಿಯ ಮೊದಲಿಗೆ ಕೂರಿಸಿ, ಹೆಸರುಬೇಳೆ ಖಿಚಡಿಯನ್ನು ನನ್ನ ತಾಟಿಗೇ ಮೊದಲು ಬಡಿಸಿದರು.

ಊಟದ ನಡುವೆ ಗೋಡೆ ನೋಡಿ ಕೂಗುವ ಕೆಲಸ ಅವರೇ ವಹಿಸಿಕೊಂಡರು. "ಆರು ಹನ್ನೆರಡು. ಗಡಬಡ ಮಾಡಬ್ಯಾಡ್ರಿ, ಹೊತ್ತ ಮುಳಗಾಕ ಇನ್ನೂ ಭಾಳ ಟೈಮ್ ಐತಿ."

ಅತ್ತೆ ತಾಟು ಮುಂದೆ ಚಾಚಿದರು. "ಹಂಗಾದ್ರ ಇನ್ನೊಂದಿಷ್ಟ ಹಾಕ, ಸೋನಾ."