ಎರಡು ನೂಲು

ಮಗ ಮೊಣಕೈ ಊರಿ ಮೂರನೆಯ ಸಲ ಒತ್ತಿದರೂ ಮುಚ್ಚಳ ಕೂರಲಿಲ್ಲ. ಒಂದು ಮೂಲೆ ಇಳಿದರೆ ಎದುರು ಮೂಲೆ ಏಳುತ್ತಿತ್ತು.

“ಒತ್ತಬೇಡ, ಸೀಳುತ್ತೆ.”

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮಾತಾಡಿದ್ದು ಸತ್ತವನ ತಮ್ಮ. ಈ ಮನೆಯಲ್ಲಿ ಅವನ ದನಿ ಕೇಳಿ ಹನ್ನೊಂದು ವರ್ಷವಾಗಿತ್ತು.

ಕೆಡವಿದ ಮನೆಗಳ ಬಾಗಿಲು ತಂದು, ಬಡಗಿಯಾಗಿದ್ದ ಅಣ್ಣ ತನ್ನ ಶವಪೆಟ್ಟಿಗೆಯನ್ನು ತಾನೇ ಮಾಡಿಟ್ಟುಕೊಂಡಿದ್ದ.

“ಮುಚ್ಚಳಾನ ನಾಲ್ಕು ವರ್ಷ ಬಚ್ಚಲ ಗೋಡೆಗೆ ಒರಗಿಸಿದ್ದೆ,” ಎಂದಳು ಅತ್ತಿಗೆ. “ತೇವ ಕುಡಿದು ಉಬ್ಬಿದೆ. ನಂದೇ ತಪ್ಪು.”

“ಬದುಕಿದ್ದಾಗಲೇ ಯಾರ ಮಾತೂ ಕೇಳದೋನು,” ಎಂದ ಪಕ್ಕದಂಗಡಿಯ ಬೀಗದವನು. “ಈಗ ಮುಚ್ಕೊಂಡು ಮಲಗು ಅಂದ್ರೆ ಕೇಳ್ತಾನಾ?”

ಯಾರೂ ನಗಲಿಲ್ಲ. ಅತ್ತಿಗೆಯ ತುಟಿ ಮಾತ್ರ ಅಲುಗಿತು. ಗಂಟೆ ನಾಲ್ಕೂಕಾಲು, ಐದಕ್ಕೆ ಸ್ಮಶಾನದ ಗೇಟು ಹಾಕುತ್ತಾರೆ.

“ಪಕ್ಕದಲ್ಲಿ ಎರಡು ನೂಲು, ಕಾಲಿಂಚು, ಹೆರೆದ್ರೆ ಸಾಕು,” ಎಂದ ತಮ್ಮ.

“ನೀವು ಮುಟ್ಟಬೇಡಿ, ಚಿಕ್ಕಪ್ಪ. ನಾನೇ ಮೊಳೆ ಹೊಡೆದು ಕೂರಿಸ್ತೀನಿ.” ಮಗ ಲಾರಿ ಓಡಿಸುವವನು, ಅವನಿಗೆ ಮರದ ಗುಣ ಗೊತ್ತಿರಲಿಲ್ಲ, ಅಪ್ಪನ ಸಿಟ್ಟು ಗೊತ್ತಿತ್ತು.

“ಜೀವಮಾನವೆಲ್ಲ ಮೊಳೆ ಕಿತ್ತವರ ಪೆಟ್ಟಿಗೆಗೆ ಮೊಳೆ ಹೊಡೀತೀಯಾ?” ಅತ್ತಿಗೆ ಸೊಂಟದಿಂದ ಬೀಗದ ಕೈ ತೆಗೆದು ಮೈದುನನ ಮುಂದೆ ಹಿಡಿದಳು. “ಹತಾರ ಒಳಗಿದೆ. ಬೇಗ.”

*

ಅಣ್ಣನ ಕೆಲಸಕ್ಕೆ ಒಂದು ಕ್ರಮವಿತ್ತು. ಹಳೆಯ ಹಲಗೆ ಬಂದರೆ ಮೊದಲು ಸೂಜಿಗಲ್ಲು, ಆಮೇಲೆ ಅಂಗೈ, ಕೊನೆಗೆ ಹತಾರ. “ಹಳೆ ಮರ ಬಾಯಿ ಬಿಟ್ಟು ಹೇಳಲ್ಲ ಕಣೋ. ಕೇಳ್ಬೇಕು.”

ಹನ್ನೊಂದು ವರ್ಷದ ಹಿಂದೆ, ಸಂಜೆಯೊಳಗೆ ಬೆಂಚು ಕೊಡಬೇಕೆಂಬ ಅವಸರದಲ್ಲಿ ತಮ್ಮ ಕೇಳಲಿಲ್ಲ. ಮರ ಹೆರೆಯುವ, ಅಪ್ಪನ ಕಾಲದ ತೋಪಡವನ್ನೇ ಎತ್ತಿಕೊಂಡು ಹಲಗೆಯ ಮೇಲೆ ಎಳೆದ. ಕಚಕ್ಕೆಂದಿತು. ಅಡಗಿದ್ದ ಮೊಳೆಗೆ ಬಡಿದು ಅಲಗಿನ ಬಾಯಿ ಮುಕ್ಕಾಯಿತು.

“ಒಂದು ಅಲಗಿಗೆ ಇಷ್ಟು ಮುಖ ಊದಿಸ್ಬೇಕಾ?” ಎಂದುಬಿಟ್ಟ, ನಾಚಿಕೆ ಮುಚ್ಚಿಕೊಳ್ಳಲು.

ಅಣ್ಣ ಕೂಗಾಡಲಿಲ್ಲ. ತೋಪಡವನ್ನು ಬಟ್ಟೆಯಲ್ಲಿ ಸುತ್ತಿದ. “ಇನ್ನು ನನ್ನ ಹತಾರ ಮುಟ್ಟಬೇಡ.”

ತಮ್ಮ ಅಂದೇ ಹೊರಟು ಪ್ಲೈವುಡ್ ಕೊಯ್ಯುವ ಮಿಷನ್ನಿಗೆ ಕೂಲಿ ಸೇರಿದ.

*

ತೋಪಡ ಅದೇ ಬಟ್ಟೆಯಲ್ಲಿತ್ತು. ಅಲಗಿನ ಮುಕ್ಕು ಮಾಯವಾಗಿತ್ತು. ಮುಕ್ಕಿನ ಆಳದಷ್ಟೂ ಉಕ್ಕನ್ನು ಅಣ್ಣ ಕಲ್ಲಿನ ಮೇಲೆ ಸವೆಸಿದ್ದ. ಹಿಡಿ ಮಾತ್ರ ಹೊಸದು. ತಮ್ಮ ಅದನ್ನು ಹಿಡಿದ. ಹೆಬ್ಬೆರಳು ಹುಡುಕದೆಯೇ ತನ್ನ ತಗ್ಗಿಗೆ ಹೋಗಿ ಕೂತಿತು.

ತಮ್ಮ ಎಡಚ. ಅಣ್ಣನದು ಬಲಗೈ.

“ಅತ್ತಿಗೆ, ಇದು…”

“ನಾಲ್ಕು ಹಿಡಿ ಕೆತ್ತಿ ಒಲೆಗೆ ಹಾಕಿದ್ರು. ಇದು ಐದನೇದು. ಕರೆದು ಕೊಡಿ ಅಂದೆ. ‘ಅವನೇ ಬರ್ಲಿ’ ಅಂದ್ರು. ನೀನೂ ಮನೇಲಿ ಅದನ್ನೇ ಅಂದಿರ್ತೀಯಾ.”

ತಮ್ಮನೂ ಮನೆಯಲ್ಲಿ ಅದೇ ಮಾತನ್ನೇ ಆಡಿದ್ದ.

“ನಾಲ್ಕೂವರೆ!” ಎಂದ ಮಗ.

ತೋಪಡವನ್ನು ಮುಚ್ಚಳದ ಅಂಚಿಗೆ ತಂದವನು ನಿಂತ. ಕೆಳಗಿಟ್ಟು, ಗೂಟದಿಂದ ಸೂಜಿಗಲ್ಲು ತೆಗೆದುಕೊಂಡ.

“ಅಪ್ಪ ಮಾಡಿದ್ದಕ್ಕೂ ಪರೀಕ್ಷೆನಾ? ಅವರು ಮೊಳೆ ಬಿಟ್ಟಿರ್ತಾರಾ?”

“ಕ್ರಮ ಅಂದ್ರೆ ಕ್ರಮ.”

ಸೂಜಿಗಲ್ಲು ಅಂಚಿನುದ್ದಕ್ಕೂ ಜಾರಿತು. ಮುಕ್ಕಾಲು ಪಾಲು ದಾಟಿ ಟಕ್ಕೆಂದು ಅಂಟಿ ನಿಂತಿತು.

ತಮ್ಮ ಉಳಿಯಿಂದ ಮರ ಬಿಡಿಸಿ, ಇಕ್ಕಳದಲ್ಲಿ ಎಳೆದ. ತಲೆ ಮುರಿದ, ಸೊಟ್ಟಗಾದ ಒಂದು ಮೊಳೆ ಬಂತು.

“ಅಂತೂ ಮೇಸ್ತ್ರಿ ಸಿಕ್ಕಿಬಿದ್ದ,” ಎಂದ ಬೀಗದವನು. ಈ ಸಲ ಅತ್ತಿಗೆ ನಕ್ಕುಬಿಟ್ಟಳು. ನಗುತ್ತಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಮ್ಮ ಹೆರೆದ. ಮರ ತೆಳುವಾಗಿ, ಉದ್ದುದ್ದ ಸುರುಳಿಯಾಗಿ ಎದ್ದಿತು. ಮಗ ಕೇಳದೆಯೇ ಬಂದು ಮುಚ್ಚಳದ ಇನ್ನೊಂದು ತುದಿ ಹಿಡಿದ. ಎತ್ತಿಟ್ಟರು. ಕೈ ಒತ್ತದೆ, ಸದ್ದಿಲ್ಲದೆ ಕೂತಿತು.

“ಹೊರಡೋಣ,” ಎಂದ ಮಗ.

“ಒಂದು ನಿಮಿಷ, ಮುಚ್ಚಳ ತೆಗಿ.”

ತಮ್ಮ ಆ ಮೊಳೆಯನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಅಣ್ಣ ಮಾಡುತ್ತಿದ್ದಂತೆ ಮೂರು ಏಟು ಹಾಕಿ ನೆಟ್ಟಗೆ ಮಾಡಿದ. ಪೆಟ್ಟಿಗೆಗೆ ಬಾಗಿ, ಅಣ್ಣನ ಅಂಗಿಯ ಜೇಬಿನಲ್ಲಿ, ಮೋಟು ಪೆನ್ಸಿಲ್ಲಿನ ಪಕ್ಕ ಇಳಿಸಿದ.